ನಾಲ್ಕು ಅಕ್ಷರದ ಮನುಷ್ಯ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೀ ಹೆಸರು ಬರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. ಹೆಸರಾದ ಮೇಲೆ ಒಂದು ಕಾಮಾ, ಕಾಮಾ ಆದಮೇಲೆ ನಾಲ್ಕು ಇಂಗ್ಲಿಷ್ ಅಕ್ಷರ, ಒಂದೊಂದು ಅಕ್ಷರಕ್ಕೂ ಒಂದೊಂದು ಚುಕ್ಕೆ, ಇಷ್ಟಿದ್ದರೆ ಮಾತ್ರ ಅದು ಅವರ ಪಾಲಿಗೆ ಪೂರ್ತಿ ಹೆಸರು. ಆ ನಾಲ್ಕು ಅಕ್ಷರ ಬರೆಯುವ ಹಕ್ಕು ಅವರಿಗೇ ಕೊನೆಯ ತನಕ ಉಳಿಯಲಿಲ್ಲ. ಆದ್ದರಿಂದ ಹೆಸರೂ ಬೇಡ. ಮಿಲ್ಲಿನಲ್ಲಿ ಎಲ್ಲರೂ ಕರೆಯುತ್ತಿದ್ದ ಹಾಗೆ ಕೆಮಿಸ್ಟ್ರು ಎಂದೇ ಕರೆಯುತ್ತೇನೆ.

ಹೋದ ತಿಂಗಳು ಅವರು ತೀರಿಕೊಂಡರೆಂದು ಅವರ ತಮ್ಮನಿಂದ ಒಂದು ಕಾರ್ಡು ಬಂತು. ಹೆಸರು, ಹೋದ ದಿನ, ವೈಕುಂಠ ಸಮಾರಾಧನೆಯ ದಿನ, ಅಷ್ಟೆ. ಹೆಸರಿನ ಬಾಲ ಬೋಳಾಗಿತ್ತು. ಇದು ಅವರ ಕೈಗೇ ಸಿಕ್ಕಿದ್ದರೆ ಕೆಂಪು ಮಸಿಯಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದರಲ್ಲ ಎಂದು ನಗು ಬಂತು. ಆಮೇಲೆ ನಗು ಬಂದದ್ದಕ್ಕೆ ನಾಚಿಕೆಯಾಯಿತು. ಅವರ ವಿಷಯದಲ್ಲಿ ನನಗೆ ಯಾವಾಗಲೂ ಹೀಗೇ ಆಗುತ್ತದೆ. ಮೊದಲು ನಗು, ಆಮೇಲೆ ನಾಚಿಕೆ.

ಮೈಸೂರು ರಾಜ್ಯ ದೊಡ್ಡದಾದ ವರ್ಷವೋ ಅದರ ಮುಂದಿನ ವರ್ಷವೋ ನಾನು ತುಮಕೂರಿನಲ್ಲಿ ಟೈಪಿಂಗ್ ಕಲಿತು, ಶಿರಾದ ಒಂದು ಕಡಲೆಕಾಯಿ ಎಣ್ಣೆ ಮಿಲ್ಲಿಗೆ ಟೈಪಿಸ್ಟಾಗಿ ಬಂದೆ. ಬಾಯ್ಲರಿನ ಪಕ್ಕದಲ್ಲಿ, ಹಿಂದೆ ಗೋಣಿಚೀಲ ಹೊಲಿಯುವ ದಾರ ಇಡುತ್ತಿದ್ದ ಕೋಣೆಯೊಂದಿತ್ತು. ಅದೇ ಲ್ಯಾಬೊರೇಟರಿ. ಒಂದು ಮೇಜು, ಒಂದು ತಕ್ಕಡಿ, ನಾಲ್ಕಾರು ಗಾಜಿನ ಕೊಳವೆ, ಒಂದು ಸ್ಪಿರಿಟ್ ದೀಪ. ಗೋಡೆಯ ಮೇಲೆ ಕಿಟಕಿಗಿಂತ ದೊಡ್ಡದೊಂದು ಚೌಕಟ್ಟು. ಅದರೊಳಗೆ, ಇಂಥವರು ರಸಾಯನಶಾಸ್ತ್ರಜ್ಞರ ಸಂಘದ ಸದಸ್ಯರು ಎಂದು ಸಾರುವ ಪ್ರಮಾಣಪತ್ರ. ಪಕ್ಕದಲ್ಲಿ ಮಿಲ್ಲಿನ ಯಜಮಾನರು ಹಾಕಿಸಿದ್ದ ಲಕ್ಷ್ಮಿಯ ಪಟ ಇತ್ತು, ಒಂದು ಗೇಣು ಕೆಳಗೆ. ಯಜಮಾನರು ಬಂದಾಗಲೆಲ್ಲ ಮೊದಲು ಲಕ್ಷ್ಮಿಗೆ ಕೈಮುಗಿದು, ಆಮೇಲೆ ಮೇಲಿದ್ದ ಚೌಕಟ್ಟನ್ನು ಒಂದು ಸಲ ದುರುಗುಟ್ಟಿ ನೋಡಿ ಹೋಗುತ್ತಿದ್ದರು.

ಮೊದಲ ದಿನವೇ ಕೆಮಿಸ್ಟ್ರು ನನ್ನನ್ನು ಕರೆಸಿದರು. ಕುಳ್ಳಗೆ, ಕರ್ರಗೆ, ಖಾಕಿ ಕೋಟು. ಕನ್ನಡಕ ಹಣೆಯ ಮೇಲೆ.

"ನೀನು ಟೈಪಿಸ್ಟು. ಟೈಪಿಸ್ಟರಿಗೊಂದು ಸಂಘ ಇದೆಯೇನಯ್ಯ?"

"ಗೊತ್ತಿಲ್ಲ ಸಾರ್."

"ಅದಕ್ಕೇ ಹೀಗಿದ್ದೀಯ," ಎಂದರು.

ಅಂದಿನಿಂದ ನನಗೆ ಪಾಠ ಶುರುವಾಯಿತು. ಸಂಘಕ್ಕೆ ಸೇರುವುದರಿಂದ ಒಟ್ಟು ಒಂಬತ್ತು ಲಾಭಗಳಿದ್ದವು. ಒಂಬತ್ತನ್ನೂ ಅವರು ಸೇರಿಸಿ ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿದ್ದಿಲ್ಲ. ಎಲ್ಲೋ ಒಂದು ಕಡೆ ನಿಲ್ಲುತ್ತಿದ್ದರು, ಯಾವುದೋ ಒಂದು ನೆನಪಿಗೆ ಬರುತ್ತಿರಲಿಲ್ಲ. ಹೆಸರಿನ ಬಾಲದ ಅಕ್ಷರಗಳು ಒಂದು. ಮೂರು ತಿಂಗಳಿಗೊಮ್ಮೆ ಬರುವ ಪತ್ರಿಕೆ ಇನ್ನೊಂದು. ಅದರ ಹಾಳೆಗಳ ಅಂಚು ಸೇರಿಕೊಂಡೇ ಇರುತ್ತಿದ್ದವು, ಕತ್ತರಿಸಿಕೊಂಡು ಓದಬೇಕು. ಅವರು ಅದನ್ನು ಕತ್ತರಿಸುವ ದಿನ ಸ್ನಾನ ಮಾಡಿಯೇ ಬರುತ್ತಿದ್ದರೆಂದು ನಮಗೆಲ್ಲ ಅನುಮಾನ. ಸಂಘದ ಅಧ್ಯಕ್ಷರನ್ನು ಅಂಚೆಯಲ್ಲಿ ಮತ ಹಾಕಿ ಆರಿಸುವ ಹಕ್ಕು ಮತ್ತೊಂದು. ಅಭ್ಯರ್ಥಿಗಳ ಭಾವಚಿತ್ರ ಬರುತ್ತಿತ್ತು. "ಈತನ ಹಣೆ ನೋಡು, ಈತ ಸುಳ್ಳು ತೂಕ ಮಾಡುವವನಲ್ಲ," ಎಂದು ಇಡೀ ವಾರ ಯೋಚಿಸಿ ಮತ ಹಾಕುತ್ತಿದ್ದರು. ಅವರು ಹಾಕಿದವರು ಒಮ್ಮೆಯೂ ಗೆದ್ದದ್ದಿಲ್ಲ.

ವರ್ಷಕ್ಕೊಮ್ಮೆ ಸಂಘದ ಭೋಜನಕೂಟ. ಅದಕ್ಕೊಂದು ದಪ್ಪ ಕಾಗದದ ಆಹ್ವಾನಪತ್ರಿಕೆ. ಕೇಂದ್ರ ಕಚೇರಿ ಇದ್ದದ್ದು ರೈಲಿನಲ್ಲಿ ಮೂರು ದಿನದ ದಾರಿಯ ಒಂದು ಊರಿನಲ್ಲಿ. ಆ ಊರಿನ ಹೆಸರೂ ಇಲ್ಲಿ ಬೇಡ. "ಕೆಲಸದ ಒತ್ತಡದಿಂದಾಗಿ ಬರಲಾಗದ್ದಕ್ಕೆ ವಿಷಾದಿಸುತ್ತೇನೆ" ಎಂದು ಪ್ರತಿ ವರ್ಷವೂ ಅವರು ಹೇಳಿ, ನಾನು ಟೈಪು ಮಾಡಿ, ಕಳಿಸುತ್ತಿದ್ದೆವು. ಭೋಜನದ ದಿನ ಮಧ್ಯಾಹ್ನ ಮಾತ್ರ ಅವರು ಹಮಾಲಿಗಳ ನಡುವೆ ಕುಳಿತು, ಅಲ್ಲಿ ಈ ಹೊತ್ತು ಏನೇನು ಬಡಿಸುತ್ತಿರುತ್ತಾರೆಂದು ವರ್ಣಿಸುತ್ತಿದ್ದರು. ಒಬ್ಬ ಹಮಾಲಿ ಒಮ್ಮೆ ಮುದ್ದೆ ಮುರಿಯುತ್ತ ಕೇಳಿಯೇಬಿಟ್ಟ: "ಅಲ್ಲ ಸಾಮೀ, ನೀವೆಂಗೂ ಓಗಾಕಿಲ್ಲ. ನಿಮ್ ಪಾಲಿಂದು ಇಲ್ಲಿಗೇ ಕಳ್ಸಿ ಅಂತ ಬರೆದ್ಬುಡಿ ಮತ್ತೆ." ಕೆಮಿಸ್ಟ್ರು ನಗಲಿಲ್ಲ. ಹಾಗೆ ಕೇಳಲು ನಿಯಮದಲ್ಲಿ ಅವಕಾಶ ಇದೆಯೇ ಎಂದು ಯೋಚಿಸಿದಂತೆ ಕಂಡಿತು.

ಎಲ್ಲಕ್ಕಿಂತ ದೊಡ್ಡ ಲಾಭವನ್ನು ಮಾತ್ರ ಅವರು ದನಿ ತಗ್ಗಿಸಿ ಹೇಳುತ್ತಿದ್ದರು. "ನಾಳೆ ನನಗೊಂದು ಕಷ್ಟ ಬಂತು ಅಂತಿಟ್ಕೋ. ನಾನು ಬರೆದುಕೊಟ್ಟ ರಿಪೋರ್ಟನ್ನ ಯಾರೋ ಸುಳ್ಳು ಅಂದರು. ಆಗ ನಾನು ಒಬ್ಬನೇ ಅಲ್ಲ ಕಣಯ್ಯ. ಸಂಘ ನನ್ನ ಬೆನ್ನಿಗಿರುತ್ತೆ."

ಅವರ ರಿಪೋರ್ಟೇ ಬೇಡವೆನ್ನಿಸುವವರು ಮಿಲ್ಲಿನಲ್ಲೇ ಒಬ್ಬರಿದ್ದರು. ಅತ್ತರ್ ಸಾಹೇಬರು. ಶಿರಾದ ಮಸೀದಿಯ ಹತ್ತಿರ ಅವರ ಅತ್ತರಿನ ಅಂಗಡಿ. ಮಿಲ್ಲಿನ ಯಜಮಾನರಿಗೆ ಅವರ ಮೂಗಿನ ಮೇಲೆ ಪೂರಾ ನಂಬಿಕೆ. ಬೆಳಿಗ್ಗೆ ಬಂದು, ಹೊಸ ಎಣ್ಣೆಯನ್ನು ಅಂಗೈಗೆ ಒಂದು ತೊಟ್ಟು ಹಾಕಿಕೊಂಡು, ಉಜ್ಜಿ, ಮೂಸಿ, "ಠೀಕ್" ಅಂದರೆ ಡಬ್ಬಕ್ಕೆ ತುಂಬುವುದು. ಮುಖ ಕಿವುಚಿದರೆ ಸೋಪಿನವರಿಗೆ ಮಾರುವುದು. ಕೆಮಿಸ್ಟ್ರು ಅದೇ ಎಣ್ಣೆಗೆ ಸ್ಪಿರಿಟ್ ಬೆರೆಸಿ, ಗಾಜಿನ ಕೊಳವೆಯಿಂದ ತೊಟ್ಟುತೊಟ್ಟಾಗಿ ಮದ್ದು ಬಿಟ್ಟು, ಗುಲಾಬಿ ಬಣ್ಣ ಬರುವ ತನಕ ಎಣಿಸಿ, ಎಣ್ಣೆಯಲ್ಲಿ ಹುಳಿ ಎಷ್ಟಿದೆಯೆಂದು ಬರೆಯುತ್ತಿದ್ದರು. ಅಷ್ಟು ಹೊತ್ತಿಗೆ ಎಣ್ಣೆ ಲಾರಿ ಹತ್ತಿರುತ್ತಿತ್ತು. ಇಬ್ಬರ ತೀರ್ಪೂ ಹೆಚ್ಚುಕಡಿಮೆ ದಿನವೂ ಒಂದೇ ಆಗಿರುತ್ತಿತ್ತು. ಕೆಮಿಸ್ಟ್ರಿಗೆ ಅದೇ ದೊಡ್ಡ ನೋವು. ಒಮ್ಮೆಯಾದರೂ ಸಾಹೇಬರ ಮೂಗು ತಪ್ಪಬಾರದೇ ಎಂದು ಅವರು ಹರಕೆ ಹೊತ್ತಿದ್ದರೂ ಆಶ್ಚರ್ಯವಿಲ್ಲ.

ಒಂದು ದಿನ ಪತ್ರಿಕೆಯ ಕೊನೆಯ ಹಾಳೆಯಲ್ಲಿ ಅವರಿಗೊಂದು ನಿಯಮ ಕಣ್ಣಿಗೆ ಬಿತ್ತು. ಐದು ಜನ ಸದಸ್ಯರಿರುವ ಊರಿನಲ್ಲಿ ಶಾಖೆ ತೆರೆಯಬಹುದು. ಪದವಿ ಇಲ್ಲದವರನ್ನೂ 'ಹಿತೈಷಿ ಸದಸ್ಯ'ರೆಂದು ಸೇರಿಸಿಕೊಳ್ಳಬಹುದು, ಆದರೆ ಅವರಿಗೆ ಹೆಸರಿನ ಬಾಲದಲ್ಲಿ ಅಕ್ಷರ ಇರುವುದಿಲ್ಲ. ಕೆಮಿಸ್ಟ್ರು ಅಂದೇ ಹೊರಟರು. ಒಂದು ಊರು ಸಾಲದೆ ನಾಲ್ಕು ತಾಲ್ಲೂಕು ಸುತ್ತಿದರು.

ಮೊದಲು ಕೇಳಿದ್ದು ಎದುರಾಳಿಯನ್ನೇ. ಸಾಹೇಬರು ಎಲ್ಲ ಲಾಭಗಳನ್ನೂ ತಾಳ್ಮೆಯಿಂದ ಕೇಳಿ, "ಅರೆ ಕೆಮಿಸ್ಟ್ ಸಾಬ್, ಇದಕ್ಕೆ ಸೇರಿದ್ರೆ ನನ್ನ ಮೂಗಿಗೆ ಏನ್ ಫಾಯ್ದಾ?" ಎಂದರು.

"ಮೂಗಿಗೆ ಏನೂ ಇಲ್ಲ ಸಾಹೇಬ್ರೇ. ಆದರೆ ಶಾಸ್ತ್ರದಲ್ಲಿ ಅದಕ್ಕೊಂದು ಸ್ಥಾನ ಸಿಗುತ್ತೆ."

ಸಾಹೇಬರು ಆ ಮಾತಿಗೆ ಸೋತರು. ಕೊರಟಗೆರೆಯಲ್ಲಿ ಗೋಲಿ ಸೋಡಾ ಕಾರ್ಖಾನೆ ಇಟ್ಟಿದ್ದವನು ಗ್ಯಾಸಿನ ವ್ಯವಹಾರದವನಾದ್ದರಿಂದ ಅರ್ಹನೆನಿಸಿದ. ಪಾವಗಡದ ಆಚೆ, ಒಂದು ಹಳ್ಳಿಯ ಆಸ್ಪತ್ರೆಯಲ್ಲಿ ಔಷಧಿ ಬೆರೆಸಿಕೊಡುತ್ತಿದ್ದ ತೆಲುಗು ಮನೆಮಾತಿನ ಕಾಂಪೌಂಡರು ನಾಲ್ಕನೆಯವರು. ಐದನೆಯವನು ಸಿಗದೆ, ಟೈಪ್‌ರೈಟರ್ ಇದ್ದವನೆಂಬ ಒಂದೇ ಕಾರಣಕ್ಕೆ ನನ್ನನ್ನು ಗೌರವ ಕಾರ್ಯದರ್ಶಿ ಮಾಡಿದರು.

ಒಂದು ಭಾನುವಾರ ಕಡಲೆಕಾಯಿ ಗೋಡೌನಿನಲ್ಲಿ, ಚೀಲಗಳ ಮೇಲೆ ಕುಳಿತು, ಉದ್ಘಾಟನೆ ನಡೆಯಿತು. ದೀಪ ಹಚ್ಚಲು ಹೋದಾಗ ಗೋಡೌನಿನ ಕಾವಲುಗಾರ "ಬೆಂಕಿ ತಂದೀರಾ ಒಳಿಕ್ಕೆ?" ಎಂದು ಕೂಗಾಡಿದ. ಕೊನೆಗೆ ಸೋಡಾದವನು ತಾನು ತಂದಿದ್ದ ಬಾಟಲಿಯ ಗೋಲಿಯನ್ನು ಹೆಬ್ಬೆರಳಿನಿಂದ ಒತ್ತಿ 'ಟಪ್' ಎನ್ನಿಸಿದ. "ಶಾಖೆಯನ್ನು ಸೋಡಾ ಒಡೆದು ಉದ್ಘಾಟಿಸಲಾಯಿತು" ಎಂದು ನಾನು ನಡಾವಳಿಯಲ್ಲಿ ಬರೆದುಕೊಂಡೆ. ಮಧುಗಿರಿಯ ಪ್ರೆಸ್ಸಿನಲ್ಲಿ ಶಾಖೆಯ ಹೆಸರಿನ ಕಾಗದವೂ ಅಚ್ಚಾಯಿತು. ಕೇಂದ್ರ ಕಚೇರಿಯ ಒಪ್ಪಿಗೆ ಇನ್ನೂ ಬಂದಿರಲಿಲ್ಲ. ಅದು ಬರಲೂ ಇಲ್ಲ.

ಆರೇಳು ತಿಂಗಳು ಸಭೆಗಳಾದವು. ಕೆಮಿಸ್ಟ್ರು ಭಾಷಣ ಮಾಡುವುದು, ಸಾಹೇಬರು ತೂಕಡಿಸುವುದು, ಸೋಡಾದವನು ಎಲ್ಲರಿಗೂ ಸೋಡಾ ಕೊಡುವುದು. ಅದು ಹೀಗೇ ಸವೆದುಹೋಗಬೇಕಾಗಿದ್ದ ಒಂದು ತಮಾಷೆ. ಹಾಗಾಗಲಿಲ್ಲ. ಒಂದು ಸಭೆಯಲ್ಲಿ ಕಾಂಪೌಂಡರು ಇದ್ದಕ್ಕಿದ್ದಂತೆ ಅಳಲು ಶುರು ಮಾಡಿದರು.

"ಏಂ ಚೆಪ್ಪೇದಿ ಸಾರ್, ಏನಂತ ಹೇಳ್ಲಿ. ಮೂರನೇ ಸಂಬಂಧ. ಇದೂ ಹೋಯ್ತು."

ಕಾಂಪೌಂಡರಿಗೆ ಒಬ್ಬಳೇ ಮಗಳು. ಹತ್ತೊಂಬತ್ತರ ಹುಡುಗಿ. ಮಧುಗಿರಿಯಲ್ಲಿದ್ದ ಒಬ್ಬ ನಿವೃತ್ತ ಶಿರಸ್ತೇದಾರರು ತಮ್ಮ ಮಗನಿಗೆ ಅವಳನ್ನು ನೋಡಲು ಹೆಂಡತಿಯನ್ನೂ ಮಗನನ್ನೂ ಕರೆದುಕೊಂಡು ಬಸ್ಸು ಹತ್ತಿ ಬಂದಿದ್ದರು. ಹುಡುಗಿ ಉಪ್ಪಿಟ್ಟು, ಕಾಫಿ ತಂದುಕೊಟ್ಟು, ಕೇಳಿದ್ದಕ್ಕೆ ಉತ್ತರ ಹೇಳಿ, ಕೊನೆಯಲ್ಲಿ ಒಂದೇ ಒಂದು ಸಲ ನಕ್ಕಳು. ಹಲ್ಲಿನ ಮೇಲೆಲ್ಲ ಕಂದು ಗೆರೆಗಳು. ಶಿರಸ್ತೇದಾರರ ಹೆಂಡತಿ ಗಂಡನ ಕಿವಿಯಲ್ಲಿ ಏನೋ ಅಂದರು. ವಾರದೊಳಗೆ ಪತ್ರ ಬಂತು: "ಕನ್ಯೆಯು ಗುಟ್ಟಾಗಿ ಹೊಗೆಸೊಪ್ಪು ಜಗಿಯುವ ಅಭ್ಯಾಸವುಳ್ಳವಳೆಂದು ಕಂಡುಬರುವುದರಿಂದ ಈ ವಿಚಾರವನ್ನು ಮುಕ್ತಾಯಗೊಳಿಸಲಾಗಿದೆ."

"ಅವಳ ಬಾಯಿಗೆ ಎಲೆ ಅಡಿಕೆ ಕೂಡ ಮುಟ್ಟಿಲ್ಲ ಸಾರ್," ಎಂದರು ಕಾಂಪೌಂಡರು. "ನಮ್ಮೂರಲ್ಲಿ ಅಂದರಿಕೀ ಹಲ್ಲು ಅಂಗೇ."

ಕೆಮಿಸ್ಟ್ರ ಕನ್ನಡಕ ಹಣೆಯಿಂದ ಕೆಳಗಿಳಿಯಿತು. "ಎಲ್ಲರಿಗೂ ಅಂದಿರಾ?" ಎಂದು ಕೇಳಿದವರು ಸಭೆಯನ್ನು ಅಲ್ಲೇ ಬಿಟ್ಟು ಲ್ಯಾಬಿಗೆ ಓಡಿದರು. ಹಳೆಯ ಪತ್ರಿಕೆಗಳ ಕಟ್ಟುಗಳನ್ನೆಲ್ಲ ನೆಲಕ್ಕೆ ಸುರಿದು, ಸಂಜೆಯೊಳಗೆ ಒಂದು ಲೇಖನ ಹುಡುಕಿ ತೆಗೆದರು. ಕೆಲವು ಕಡೆ ನೆಲದೊಳಗಿನ ನೀರಿನಲ್ಲಿ ಫ್ಲೋರೈಡ್ ಎಂಬ ಲವಣ ಹೆಚ್ಚಾಗಿರುತ್ತದಂತೆ. ಚಿಕ್ಕಂದಿನಿಂದ ಆ ನೀರು ಕುಡಿದವರ ಹಲ್ಲು ಹೀಗೇ ಕಂದಾಗುತ್ತದಂತೆ. ಪರೀಕ್ಷೆಗೆ ಬೇಕಾದ ಕೆಂಪು ಮದ್ದು ಶಿರಾದಲ್ಲಿ ಎಲ್ಲಿ ಸಿಗಬೇಕು? ಬೆಂಗಳೂರಿನಲ್ಲಿದ್ದ ಒಬ್ಬ ಸದಸ್ಯರಿಗೆ, ಕಂಡು ಕೇಳರಿಯದವರಿಗೆ, ಪತ್ರ ಬರೆದರು. ಹದಿನೈದು ದಿನದಲ್ಲಿ ಮರದ ಹೊಟ್ಟಿನಲ್ಲಿ ಹುದುಗಿಸಿದ ಒಂದು ಪುಟ್ಟ ಸೀಸೆ ಅಂಚೆಯಲ್ಲಿ ಬಂತು. ಜೊತೆಗೆ ಒಂದು ಚೀಟಿ: "ಸಹಸದಸ್ಯರಿಗೆ, ಶುಭಾಶಯಗಳೊಂದಿಗೆ."

ಆ ಚೀಟಿಯನ್ನು ಅವರು ಎಲ್ಲರಿಗೂ ತೋರಿಸಿದರು. ಬಾಯ್ಲರಿಗೆ ಸೌದೆ ಹಾಕುವವನಿಗೂ ತೋರಿಸಿದರು. ಒಂಬತ್ತು ಲಾಭಗಳಲ್ಲಿ ನಾನು ಕಣ್ಣಾರೆ ಕಂಡದ್ದು ಅದೊಂದೇ.

ಶಾಖೆಯ ತುರ್ತು ಸಭೆ ಸೇರಿ, ಕಾಂಪೌಂಡರ ಊರಿನ ನೀರನ್ನು ಪರೀಕ್ಷಿಸಬೇಕೆಂದು ಮತಕ್ಕೆ ಹಾಕಲಾಯಿತು. ನಾಲ್ವರು ಕೈ ಎತ್ತಿದರು. ನೀರಿನ ಪರೀಕ್ಷೆ ಶುರುವಾದರೆ ಅದು ಸೋಡಾದ ತನಕ ಬಂದೀತೆಂದು ಹೆದರಿ ಕೊರಟಗೆರೆಯವನು ತಟಸ್ಥನಾಗಿ ಉಳಿದ.

ನಾನೂ ಕೆಮಿಸ್ಟ್ರೂ ಪಾವಗಡದ ಬಸ್ಸು ಹಿಡಿದು ಆ ಹಳ್ಳಿಗೆ ಹೋದೆವು. ಕಾಂಪೌಂಡರ ಮಗಳನ್ನು ನಾನು ನೋಡಿದ್ದು ಅಂದೇ ಮೊದಲು. ಅಳುಮುಂಜಿ ಹುಡುಗಿ ಇರಬೇಕೆಂದುಕೊಂಡಿದ್ದೆ. ಅವಳು ನೀರು ತಂದಿಟ್ಟು, "ಸಾರ್, ನನ್ನ ಹಲ್ಲಿಗೆ ಸರ್ಟಿಫಿಕೇಟು ಕೊಡ್ತೀರಂತೆ. ನಾಲಗೆಗೂ ಒಂದು ಕೊಟ್ಬಿಡಿ. ಇಲ್ದಿದ್ರೆ ಆಮೇಲೆ ಅದಕ್ಕೆ ಇನ್ನೊಂದು ಸಲ ಬರಬೇಕಾಗ್ತದೆ," ಎಂದಳು.

ಕೆಮಿಸ್ಟ್ರು ತಬ್ಬಿಬ್ಬಾಗಿ, "ನಾಲಗೆ ರಸಾಯನಶಾಸ್ತ್ರಕ್ಕೆ ಸೇರಿದ್ದಲ್ಲಮ್ಮ," ಎಂದರು.

"ಹಲ್ಲು ಸೇರ್ತದಾ? ಹಂಗಾದ್ರೆ ನಮ್ಮ ಹಸೂದೂ ನೋಡಿ."

ಅವಳೇ ಹಿತ್ತಿಲಿಗೆ ಕರೆದೊಯ್ದು, ಹಸುವಿನ ಮೂಗು ಹಿಡಿದು ಕೆಳತುಟಿ ಇಳಿಸಿ ತೋರಿಸಿದಳು. ಹಸುವಿನ ಹಲ್ಲಿನ ಮೇಲೂ ಅದೇ ಕಂದು ಗೆರೆ. "ಇದೂ ಹೊಗೆಸೊಪ್ಪು ಹಾಕ್ತದೇನೋ ಕೇಳಿ ಸಾರ್ ಶಿರಸ್ತೇದಾರ್ರನ್ನ," ಎಂದಳು. ನಗುತ್ತಲೇ ಹೇಳಿದಳು, ಆದರೆ ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ಮೂರು ಸಲ ಉಪ್ಪಿಟ್ಟು ಮಾಡಿ ಮೂರು ಸಲ ಬೇಡವೆನಿಸಿಕೊಂಡ ಹುಡುಗಿ. ಕೆಮಿಸ್ಟ್ರು ಟಿಪ್ಪಣಿ ಪುಸ್ತಕದಲ್ಲಿ "ಹಸು, ಒಂದು" ಎಂದು ಬರೆದುಕೊಂಡರು.

ಅವರ ಮನೆಯವರು ಕುಡಿಯುತ್ತಿದ್ದ ಊರ ಬಾವಿಯ ನೀರಿಗೆ ಮದ್ದು ಬಿಟ್ಟು ಕಾದೆವು. ಕೆಂಪು ನೀರು ನಿಧಾನವಾಗಿ ಹಳದಿಯಾಯಿತು. ಕೆರೆಯಂಗಳದ ಬಾವಿಯ ನೀರು ಕೆಂಪಾಗಿಯೇ ಉಳಿಯಿತು. ಕೆಮಿಸ್ಟ್ರು ಎರಡು ಸೀಸೆಗಳನ್ನೂ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ಇನ್ಮೇಲೆ ಮನೆಗೆ ಕೆರೆ ಬಾವಿ ನೀರು ತನ್ನಿ. ಊರವರಿಗೂ ಹೇಳಿ. ಮುಂದಿನ ಮಕ್ಕಳ ಹಲ್ಲಾದರೂ ಉಳಿಯಲಿ," ಎಂದರು.

ಶಿರಾಕ್ಕೆ ಬಂದು ಪ್ರಮಾಣಪತ್ರ ಹೇಳಿ ಬರೆಸಿದರು. ನಾಲ್ಕೇ ಸಾಲು. ಈ ಬಾವಿಯ ನೀರನ್ನು ನಾನು ಪರೀಕ್ಷಿಸಿದ್ದೇನೆ; ಇದರಲ್ಲಿ ಇಂಥ ಲವಣ ಹೆಚ್ಚಾಗಿದೆ; ಹಲ್ಲಿನ ಕಂದು ಬಣ್ಣಕ್ಕೆ ಅದೇ ಕಾರಣ; ಹೊಗೆಸೊಪ್ಪಿಗೂ ಇದಕ್ಕೂ ಸಂಬಂಧವಿಲ್ಲ. ಟೈಪು ಮಾಡಿ ನೋಡಿದೆ. ಕಾಗದ ತೀರ ಬಡವಾಗಿ ಕಂಡಿತು. ಶಿರಸ್ತೇದಾರರಂಥವರಿಗೆ 'ನಾನು' ಎಂದರೆ ಯಾವ ಲೆಕ್ಕ? ಶಾಖೆಯ ಹೆಸರಿನ ಕಾಗದ ತೆಗೆದುಕೊಂಡು ಮತ್ತೆ ಟೈಪು ಮಾಡಿ, ಕೊನೆಗೆ ನನ್ನದೇ ಒಂದು ಸಾಲು ಸೇರಿಸಿದೆ: "ಸಂಘದ ಪರವಾಗಿ ಮತ್ತು ಸಂಘದ ಅಪ್ಪಣೆಯ ಮೇರೆಗೆ."

ಒಯ್ದು ಕೊಟ್ಟಾಗ ಅವರು ಎಣ್ಣೆಯ ಹುಳಿ ನೋಡುತ್ತಿದ್ದರು. ಗುಲಾಬಿ ಬಣ್ಣ ಇನ್ನೇನು ಬರಬೇಕು. ಒಂದು ಕೈ ಕೊಳವೆಯ ಮೇಲೆ, ಇನ್ನೊಂದು ಕೈಯಲ್ಲಿ ಸಹಿ ಹಾಕಿ, ಕಾಮಾ ಹಾಕಿ, ನಾಲ್ಕು ಅಕ್ಷರವನ್ನೂ ನಾಲ್ಕು ಚುಕ್ಕೆಯನ್ನೂ ಹಾಕಿದರು. ಕನ್ನಡಕ ಹಣೆಯ ಮೇಲೇ ಇತ್ತು. ಓದಲಿಲ್ಲ ಎಂದುಕೊಂಡು ನಾನು ಖುಷಿಯಾಗಿ ಹೊರಬಂದೆ.

ಶಿರಸ್ತೇದಾರರು ಮೂವತ್ತು ವರ್ಷ ಕಂದಾಯ ಇಲಾಖೆಯಲ್ಲಿ ಕಾಗದ ನೋಡಿದವರು. ಅವರು ಪ್ರಮಾಣಪತ್ರವನ್ನು ನಂಬಲೂ ಇಲ್ಲ, ತಿರಸ್ಕರಿಸಲೂ ಇಲ್ಲ. ಅದರ ನಕಲು ತೆಗೆದು, ಇದು ಅಸಲಿಯೋ ಅಲ್ಲವೋ ತಿಳಿಸಬೇಕೆಂದು ಸಂಘದ ಕೇಂದ್ರ ಕಚೇರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿಬಿಟ್ಟರು. ಸೊಸೆಯಾಗಬೇಕಾದವಳ ಹಲ್ಲಿನ ವಿಷಯವನ್ನು ಮೂರು ದಿನದ ದಾರಿಗೆ ಕಳಿಸಿ ಖಾತ್ರಿ ಮಾಡಿಕೊಂಡವರು ಭೂಮಿಯ ಮೇಲೆ ಅವರೊಬ್ಬರೇ ಇರಬೇಕು.

ಎರಡು ತಿಂಗಳಾದ ಮೇಲೆ ಕೆಮಿಸ್ಟ್ರಿಗೆ ಪತ್ರ ಬಂತು. ಸಂಘದ ಲಕೋಟೆ ಎಂದು ಅವರು ಎಂದಿನಂತೆ ಕೈ ಒರೆಸಿಕೊಂಡು ಬಿಡಿಸಿದರು. ಓದಿ ನನ್ನ ಕೈಗೆ ಕೊಟ್ಟರು. "ಸಂಘವು ಯಾವುದೇ ವ್ಯಕ್ತಿಯ ಹಲ್ಲುಗಳ ವಿಷಯದಲ್ಲಿ ಯಾವುದೇ ಅಭಿಪ್ರಾಯವನ್ನು ಹೊಂದಿಲ್ಲ" ಎಂದು ಶುರುವಾಗಿತ್ತು. ನಿಮ್ಮ ಕಡೆ ನಮ್ಮ ಶಾಖೆ ಇಲ್ಲ. ಸಂಘದ ಹೆಸರನ್ನು ವಿವಾಹದ ಕೆಲಸಕ್ಕೆ ಬಳಸಿದ್ದು ಘೋರ ಅಪರಾಧ. ಒಂದು ತಿಂಗಳೊಳಗೆ, ಪ್ರಮಾಣಪತ್ರವನ್ನು ತಪ್ಪಾಗಿ ಕೊಡಲಾಯಿತೆಂದು ವರನ ಕಡೆಯವರಿಗೆ ಬರೆದು ಹಿಂದಕ್ಕೆ ಪಡೆಯಬೇಕು. ಅಥವಾ ಆ ಕೊನೆಯ ಸಾಲನ್ನು ಬೇರೆ ಯಾರಾದರೂ ನಿಮ್ಮ ಗಮನಕ್ಕೆ ಬಾರದಂತೆ ಸೇರಿಸಿದ್ದರೆ, ಅಂಥವರ ಹೆಸರು ತಿಳಿಸಿದಲ್ಲಿ ನಿಮ್ಮ ಸದಸ್ಯತ್ವದ ಬಗ್ಗೆ ಸಹಾನುಭೂತಿಯಿಂದ ಪರಿಶೀಲಿಸಲಾಗುವುದು. ಕೆಳಗೆ ಇನ್ನೊಂದು ಚೀಟಿ ಇತ್ತು. ಈ ವರ್ಷದ ಭೋಜನಕೂಟದ ದಿನಾಂಕ ತಿಳಿಸಿದ್ದರು.

ಒಂದೇ ಮಾತು ಸಾಕಾಗಿತ್ತು, 'ಅದು ನಾನು ಸಾರ್' ಅಂತ. ಆ ಒಂದು ಹೆಸರು ಬರೆದು ಕಳಿಸಿದ್ದರೆ ಅವರ ನಾಲ್ಕು ಅಕ್ಷರ ಉಳಿಯುತ್ತಿದ್ದವು. ನಾನು ಹೇಳಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ, ಬೈದಾರೆಂಬ ಹೆದರಿಕೆ, ಬೈಯದೆ ಸುಮ್ಮನೆ ನೋಡಿಯಾರೆಂಬ ಹೆದರಿಕೆ. ಈಗ ಯಾವ ಕಾರಣ ಕೊಟ್ಟರೂ ಅಷ್ಟೆ, ಹೇಡಿತನವೇ.

"ಮಿಷನ್ನಿಗೆ ಕಾಗದ ಹಾಕು," ಎಂದರು.

ಅವರು ಹೇಳಿದ್ದು ಮೂರು ವಾಕ್ಯ. "ಪ್ರಮಾಣಪತ್ರವನ್ನು ಬರೆಸಿದವನೂ ಸಹಿ ಮಾಡಿದವನೂ ನಾನೇ. ಬಾವಿಯ ನೀರು ಅದರಲ್ಲಿ ಹೇಳಿರುವಂತೆಯೇ ಇದೆ. ತಪ್ಪಾಗಿ ಕೊಡಲಾಯಿತೆಂದು ಬರೆದರೆ ನೀರು ಸುಳ್ಳು ಹೇಳಿದಂತಾಗುತ್ತದೆ, ಆದ್ದರಿಂದ ಬರೆಯಲಾರೆ." ಸಹಿಯಾದ ಮೇಲೆ ಕಾಮಾ ಹಾಕಿ, ಸ್ವಲ್ಪ ನಿಂತು, ನಾಲ್ಕು ಅಕ್ಷರವನ್ನು ಬಹಳ ನಿಧಾನವಾಗಿ ಬರೆದರು.

ಬೆನ್ನಿಗಿರಬೇಕಾಗಿದ್ದ ಸಂಘ ತಿಂಗಳೊಳಗೆ ಅವರ ಹೆಸರು ಹೊಡೆದುಹಾಕಿತು. ಗೋಡೆಯ ಪ್ರಮಾಣಪತ್ರವನ್ನು ವಾಪಸು ಕಳಿಸಬೇಕೆಂಬ ಆಜ್ಞೆಯೂ ಬಂತು. ಹಮಾಲಿಯೊಬ್ಬ ಅದನ್ನು ಗೋಣಿತಟ್ಟಿನಲ್ಲಿ ಸುತ್ತಿ ದಬ್ಬಣದಲ್ಲಿ ಹೊಲಿದುಕೊಟ್ಟ. "ಏನ್ ಸಾಮೀ, ಊಟಕ್ಕೂ ಕರೆಯಾಕಿಲ್ವಾ ಇನ್ಮ್ಯಾಕೆ?" ಎಂದು ಕೇಳಿದ. "ಇಲ್ಲ ಕಣಯ್ಯ," ಎಂದರು. ಮಿಲ್ಲಿನ ಯಜಮಾನರು ಮಾರನೆಯ ದಿನವೇ ಲಕ್ಷ್ಮಿಯ ಪಟವನ್ನು ಆ ಮೊಳೆಗೆ ಏರಿಸಿದರು. ಸಾಹೇಬರು ಮಾತ್ರ ಅಂದು ಎಣ್ಣೆ ಮೂಸದೆ ಲ್ಯಾಬಿನ ಬಾಗಿಲಲ್ಲಿ ಬಂದು ನಿಂತು, "ಪಹಲೇ ನೀವು ನೋಡಿ ಕೆಮಿಸ್ಟ್ ಸಾಬ್. ಆಮೇಲೆ ನನ್ನ ಮೂಗು," ಎಂದರು. ಅಂದು ಮಿಲ್ಲಿನ ಲಾರಿ ಒಂದು ಗಂಟೆ ತಡವಾಗಿ ಹೊರಟಿತು.

ಕಾಂಪೌಂಡರ ಮಗಳ ಸಂಬಂಧ ಮುಗಿಯಿತೆಂದೇ ನಾವೆಲ್ಲ ತಿಳಿದೆವು. ಆದರೆ ಶಿರಸ್ತೇದಾರರ ಫೈಲು ಮುಗಿದಿರಲಿಲ್ಲ. ಕೇಂದ್ರ ಕಚೇರಿಯವರು ಅವರಿಗೆ, ಪ್ರಮಾಣಪತ್ರ ನಮ್ಮದಲ್ಲ ಎಂದು ಬರೆದಿದ್ದರೇ ಹೊರತು ಸುಳ್ಳು ಎಂದು ಬರೆದಿರಲಿಲ್ಲ. ಅದು ಅವರ ಕಣ್ಣಿಗೆ ಬಿತ್ತು. ಸ್ಥಳ ತನಿಖೆ ಮಾಡುವುದಾಗಿ ಕಾರ್ಡು ಹಾಕಿದರು. ಹೇಳಿದ ದಿನಕ್ಕೆ ಸರಿಯಾಗಿ, ಹೆಂಡತಿಯನ್ನೂ ಮಗನನ್ನೂ ಕರೆದುಕೊಂಡು, ಮಧುಗಿರಿಯ ತಮ್ಮ ಮನೆಯ ಬಾವಿಯ ನೀರನ್ನು ಒಂದು ಬಾಟಲಿಯಲ್ಲಿ ತುಂಬಿ, ಬಿರಡೆಗೆ ಅರಗು ಹಾಕಿ ಮೊಹರು ಒತ್ತಿಕೊಂಡು ಹಳ್ಳಿಗೆ ಬಂದಿಳಿದರು. ನಾವೂ ಶಿರಾದಿಂದ ಹೋಗಿದ್ದೆವು, ಸಾಹೇಬರ ಸಮೇತ.

ಜಗಲಿಯ ಮೇಲೆ ಕುಳಿತು ಶಿರಸ್ತೇದಾರರು ಜೇಬಿನಿಂದ ಸಂಘದ ಪತ್ರ ತೆಗೆದರು. "ತಾವು ಈಗ ಸದಸ್ಯರಲ್ಲ."

"ಅಲ್ಲ," ಎಂದರು ಕೆಮಿಸ್ಟ್ರು.

"ಹಾಗಿದ್ದ ಮೇಲೆ ತಮ್ಮ ಮಾತನ್ನು ನಾನು ಯಾವ ಆಧಾರದ ಮೇಲೆ ನಂಬಬೇಕು?"

"ನಂಬಬೇಡಿ. ನೀರು ನೋಡಿ."

ಶಿರಸ್ತೇದಾರರು ತಮ್ಮ ಕೈಯಾರೆ ಮೊಹರು ಒಡೆದರು. ತಮ್ಮ ಕೈಯಾರೆ ಎರಡು ಗಾಜಿನ ಲೋಟಗಳಿಗೂ ನೀರು ಹಾಕಿದರು. ತಮ್ಮ ನೀರಿನ ಲೋಟದ ಕೆಳಗೆ ಒಂದು ಚೀಟಿ, ಊರ ಬಾವಿಯದರ ಕೆಳಗೆ ಇನ್ನೊಂದು. ಕೆಮಿಸ್ಟ್ರು ಎರಡಕ್ಕೂ ಸಮವಾಗಿ ಕೆಂಪು ಮದ್ದು ಬಿಟ್ಟರು. ಒಂದು ಗಂಟೆ ಕಾಯಬೇಕು. ಶಿರಸ್ತೇದಾರರು ಗಡಿಯಾರ ತೆಗೆದು ಮುಂದಿಟ್ಟುಕೊಂಡರು. ಊರಿನವರೆಲ್ಲ ಸುತ್ತ ನಿಂತರು. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು. ಬಳೆಯ ಸದ್ದು ಆಗಾಗ ಕೇಳುತ್ತಿತ್ತು. ಅರ್ಧ ಗಂಟೆಗೆ ಊರ ಬಾವಿಯ ಲೋಟ ಕಿತ್ತಳೆ ಬಣ್ಣಕ್ಕೆ ತಿರುಗಿತು, ಗಂಟೆಗೆ ಹಳದಿಯಾಯಿತು. ಮಧುಗಿರಿಯ ನೀರು ಮದ್ದು ಬಿಟ್ಟಾಗ ಇದ್ದಷ್ಟೇ ಕೆಂಪು.

ಶಿರಸ್ತೇದಾರರ ಹೆಂಡತಿ ಎದ್ದು ಬಂದು ಎರಡು ಲೋಟವನ್ನೂ ನೋಡಿದರು. ಆಮೇಲೆ ಹಿತ್ತಿಲಿಗೆ ಹೋಗಿ ಹಸುವ‌ನ್ನೂ ನೋಡಿಬಂದರು. ಹುಡುಗಿಯೇ ಕೆಳತುಟಿ ಇಳಿಸಿ ತೋರಿಸಿದಳಂತೆ. ಅಲ್ಲಿ ಏನು ಮಾತಾಯಿತೋ ಗೊತ್ತಿಲ್ಲ. ಆಕೆ ಒಳಗೆ ಬರುವಾಗ ಹುಡುಗಿಯ ಕೈ ಹಿಡಿದುಕೊಂಡಿದ್ದರು. "ತಪ್ಪಾಯ್ತು ಕಣೇ ನಂದು," ಎಂದದ್ದು ಮಾತ್ರ ಎಲ್ಲರಿಗೂ ಕೇಳಿಸಿತು. ವರ ಮಹಾಶಯ ಅದುವರೆಗೆ ಒಂದು ಮಾತೂ ಆಡಿರಲಿಲ್ಲ. "ನಾನು ಅವತ್ತೇ ಒಪ್ಪಿದ್ದೆ. ಯಾರೂ ಕೇಳಲಿಲ್ಲ," ಎಂದ.

"ಸುಮ್ಮನಿರಯ್ಯ, ಮಹಜರು ಆಗಬೇಕು," ಎಂದರು ಶಿರಸ್ತೇದಾರರು. ಜಮೀನಿನ ಗಡಿ ತಕರಾರಿಗೆ ಬರೆಯುವ ಹಾಗೆಯೇ, ಪಂಚರ ಸಮಕ್ಷಮ, ಲೋಟ ಎರಡು, ಹಸು ಒಂದು, ಕನ್ಯೆ ಒಬ್ಬಳು, ಹೊಗೆಸೊಪ್ಪು ಇಲ್ಲ ಎಂದು ಎರಡು ಪುಟ ಬರೆದು, ಊರಿನ ನಾಲ್ವರ ಸಹಿ ಹಾಕಿಸಿದರು. ಅತ್ತರ್ ಸಾಹೇಬರು ಐದನೆಯ ಪಂಚ. ಮಹಜರಿನ ಆಧಾರದ ಮೇಲೆ ನಿಶ್ಚಿತಾರ್ಥವಾದ ಮದುವೆಯನ್ನು ನಾನು ಆಮೇಲೆ ಕಂಡಿಲ್ಲ.

ಮದುವೆ ಪಾವಗಡದಲ್ಲಿ ನಡೆಯಿತು. ಊಟದ ಪಂಕ್ತಿಯಲ್ಲಿ ನಾನು ಕೆಮಿಸ್ಟ್ರ ಪಕ್ಕದಲ್ಲಿ ಕುಳಿತಿದ್ದೆ. ಮದುವಣಗಿತ್ತಿ ಗಂಡನ ಜೊತೆ ಪಂಕ್ತಿಯ ನಡುವೆ ಬಂದು, ಎಲ್ಲರನ್ನೂ ನಿಧಾನವಾಗಿ ಊಟ ಮಾಡಿ ಎಂದು ಹೇಳಿ, ನಮ್ಮ ಮುಂದೆ ನಿಂತು ಬಾಯಿ ತುಂಬ ನಕ್ಕು ಹೋದಳು. ಎಷ್ಟೋ ತಿಂಗಳಿಂದ ಬಚ್ಚಿಟ್ಟುಕೊಂಡಿದ್ದ ಮಾತು ಎಲೆಯ ಮುಂದೆ ಕುಳಿತೇ ಹೊರಗೆ ಬಂತು.

"ಸಾರ್, ಆ ಕೊನೇ ಸಾಲು ನೀವು ಹೇಳಿದ್ದಲ್ಲ. ನಾನು ಸೇರಿಸಿದ್ದು. ನೀವು ಓದದೆ ಸಹಿ ಹಾಕಿದಿರಿ. ನಾನು ಹೇಳಬೇಕಾಗಿತ್ತು, ಹೇಳಲಿಲ್ಲ. ನನ್ನಿಂದ ನಿಮ್ಮ ನಾಲ್ಕು ಅಕ್ಷರ ಹೋಯ್ತು ಸಾರ್."

ಅವರು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಓದಿದ್ದೆ ಕಣಯ್ಯ," ಎಂದರು.

"ಓದಿದ್ರಾ? ಕನ್ನಡಕ ಹಣೆ ಮೇಲಿತ್ತಲ್ಲ ಸಾರ್?"

"ಕನ್ನಡಕ ನನಗೆ ದೂರದ್ದಕ್ಕೆ. ಓದದೆ ಸಹಿ ಹಾಕೋದಕ್ಕೆ ನಾನೇನು ಮಿಲ್ಲಿನ ಯಜಮಾನನೇ? ಆ ಸಾಲು ನಿಜವಲ್ಲ ಅಂತ ಗೊತ್ತಿತ್ತು. ಆದರೆ ಓದೋದಕ್ಕೆ ಬಹಳ ಚೆನ್ನಾಗಿತ್ತು." ನಾಚಿಕೊಂಡವರಂತೆ, ಮುಖ ಎತ್ತದೆ ಇನ್ನೊಂದಿಷ್ಟು ಅನ್ನ ಕಲಸಿದರು. "ಸಂಘದ ಅಪ್ಪಣೆಯ ಮೇರೆಗೆ ಅಂತ ಒಂದು ಸಲವಾದರೂ ನನ್ನ ಹೆಸರಿನ ಮೇಲೆ ಇರಲಿ ಅಂತ ಆಸೆ ಆಯ್ತು. ಬಿಟ್ಟೆ. ಅದನ್ನ ನಿನ್ನ ತಲೆಗೆ ಕಟ್ಟೋದಾ? ಊಟ ಮಾಡು, ಸಾರು ಆರಿಹೋಗುತ್ತೆ."